ಕುರಿ ನೆಕ್ಕಿದ ಗೋಡೆ

ನಮ್ಮ ವಾಸ್ತುಶಿಲ್ಪ ಕಚೇರಿಗೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ಒಂದು ಆಲ್ಬಮ್ ತೋರಿಸುವ ರೂಢಿ ಇದೆ. ಮಣ್ಣಿನ ಇಟ್ಟಿಗೆಯ ಶಾಲೆ, ಸುಣ್ಣದ ಗಾರೆಯ ಮನೆ, ಗೋಕಾಕದ ಕಲ್ಲಿನ ಕಮಾನು ಎಲ್ಲ ಅದರಲ್ಲಿವೆ. ಮೂಡಲಗಿ ಹತ್ತಿರದ ಕುರುಬರ ವಸತಿಯಲ್ಲಿ ಕಂಬಳಿ ನೇಯುವವರಿಗಾಗಿ ನಾವು ಕಟ್ಟಿದ ಮಗ್ಗದ ಮನೆಯ ಚಿತ್ರವೂ ಇದೆ. ಇಳಿಬಿಸಿಲು, ಅಗಲವಾದ ಸೂರು, ಸೂರಿನ ಕೆಳಗೆ ಗೋಡೆಗೆ ಮುಖ ಮಾಡಿ ನಿಂತ ಕುರಿಗಳು. ನೋಡಿದವರೆಲ್ಲ "ಎಷ್ಟ ಚಂದ ಐತ್ರಿ" ಅನ್ನುತ್ತಾರೆ. ಆ ಹಾಳೆ ಬಂದಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಆ ಚಿತ್ರದಲ್ಲಿ ಕುರಿಗಳು ಬರೀ ನಿಂತಿಲ್ಲ.

ನಾನು ನಿವೃತ್ತಳಾದ ಮೇಲೆ ಆಫೀಸಿನ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. "ಮೇಡಂ, ಸಿಮೆಂಟು ಗಾಜಿನ ಈ ಕಾಲದಾಗ ಮಣ್ಣು, ಸುಣ್ಣ, ಬಡವರ ಮನಿ ಅಂತ ಇಷ್ಟು ವರ್ಷ ಹೆಂಗ ನಡಿಸಿದ್ರಿ?" ಎಂದು ಕೇಳುತ್ತಾರೆ. ಸಿಕ್ಕ ಮನ್ನಣೆಗಳ ಮಾತು ಬೇಕಾದರೆ ಬೇರೆಯವರು ಹೇಳುತ್ತಾರೆ. ನನಗೆ ಮೊದಲು ನೆನಪಾಗುವುದು ಒಂದು ಸದ್ದು. ಒರಟು ನಾಲಿಗೆ ಗೋಡೆಯ ಮೇಲೆ ಎಳೆದಾಡುವ ಸದ್ದು. ಅಡುಗೆಮನೆಯಲ್ಲಿ ಯಾರಾದರೂ ತೆಂಗಿನ ನಾರಿನಿಂದ ಪಾತ್ರೆ ಉಜ್ಜಿದರೂ ನಾನು ಎದ್ದು ಹೊರಗೆ ಹೋಗುತ್ತೇನೆ. ಅದನ್ನೇ ಬರೆಯುತ್ತೇನೆ. ಈ ಕೆಲಸಕ್ಕೆ ಬರುವವರಿಗೆ ಅದು ಗೊತ್ತಿರಬೇಕು.

ನಾನು ಸೇರಿದಾಗ ಆಫೀಸು ಗೋಕಾಕದ ಪೇಟೆಯಲ್ಲಿ ಒಂದು ಕಾಳಿನ ಅಂಗಡಿಯ ಮೇಲಿತ್ತು. ನಕ್ಷೆ ಹಾಸಿದರೆ ಅದರ ಮೇಲೆ ಕೆಳಗಿನ ಗೋಧಿಯ ಧೂಳು ಕೂರುತ್ತಿತ್ತು. ಯಜಮಾನರು ಮಹಾಂತೇಶ ಸರ್. ಕೊರಳಲ್ಲಿ ಲಿಂಗ, ಕಿಸೆಯಲ್ಲಿ ಅಳತೆಪಟ್ಟಿ, ಕಾಲಲ್ಲಿ ಸದಾ ಕೆಸರು. ಅವರು ಪರಿಸರ, ಸಮಾಜ ಎಂಬ ದೊಡ್ಡ ಮಾತು ಆಡುತ್ತಿರಲಿಲ್ಲ. ಅವರಿಗಿದ್ದದ್ದು ರೂಢಿಗಳು. ಯಾರ ಮನೆ ಕಟ್ಟುತ್ತೇವೋ ಅವರ ಮನೆಯಲ್ಲಿ ಒಂದು ದಿನ ಇದ್ದು ಬರದೆ ಪೆನ್ಸಿಲ್ ಹಿಡಿಯಬಾರದು. ಸಿಮೆಂಟು ಎಲ್ಲಿ ಬೇಡವೋ ಅಲ್ಲಿ ಬೇಡ. ಹೊಳೆಯ ಮರಳು ಮುಟ್ಟಬಾರದು. ಎಲ್ಲಕ್ಕಿಂತ ದೊಡ್ಡದು ಇದು: ಗೋಡೆಯ ಮಣ್ಣು ಆ ಜಾಗದ್ದೇ ಆಗಬೇಕು. ಅಗೆದ ಹೊಂಡ ನೀರಿಗಾಯಿತು, ತೆಗೆದ ಮಣ್ಣು ಗೋಡೆಗಾಯಿತು, ಲಾರಿಗೆ ಕೆಲಸವಿಲ್ಲ. "ಊರಿನ ಮನಿ ಊರಿನ ಮಣ್ಣಾಗಿಂದ ಏಳಬೇಕು" ಅನ್ನುತ್ತಿದ್ದರು. ನಾವು ಅದನ್ನು ಮಂತ್ರದಂತೆ ನಂಬಿದ್ದೆವು.

ಹುಕ್ಕೇರಿಯಲ್ಲಿ ನನ್ನ ಮೊದಲ ಮನೆಯ ಕೆಲಸ. ನಾನು ಕಾಲೇಜಿನಲ್ಲಿ ಕಲಿತಂತೆ ನಿಂತು ಅಡುಗೆ ಮಾಡುವ ಎತ್ತರದ ಕಟ್ಟೆ ಬರೆದಿದ್ದೆ. ಒಂದು ದಿನ ಇದ್ದು ಬರಲು ಹೋದಾಗ ಆ ಮನೆಯ ಯಜಮಾನತಿ ನಕ್ಷೆ ನೋಡಿ, "ಇಷ್ಟ ಎತ್ತರದಾಗ ನಿಂತ ರೊಟ್ಟಿ ಬಡಿದ್ರ ನನ್ನ ರಟ್ಟಿ ಬೀಳ್ತಾವ ಯವ್ವಾ. ನೀ ರೊಟ್ಟಿ ಬಡಿತೀಯೇನು, ಬರೇ ತಿಂತೀಯೋ?" ಎಂದಳು. ಕೂತು ರೊಟ್ಟಿ ಬಡಿಯುವ ತಗ್ಗು ಕಟ್ಟೆ ಮತ್ತೆ ಬರೆದೆ. ಇಂಥ ತಪ್ಪುಗಳು ನಗುವಿನಲ್ಲಿ ಮುಗಿಯುತ್ತಿದ್ದವು.

ನಗುವಿನಲ್ಲಿ ಮುಗಿಯದವೂ ಇದ್ದವು. ಹೊಳೆಯ ಮರಳು ಬೇಡವೆಂದು ಒಂದು ದೊಡ್ಡ ಕೆಲಸದಲ್ಲಿ ನಾವು ಬರೆದುಕೊಟ್ಟಾಗ ಅಂಗಡಿಯ ಮೆಟ್ಟಿಲ ಮೇಲೆ ಗುರುತಿಲ್ಲದ ಕೆಲವರು ಬಂದು ಕೂತರು. ಬೈಯಲಿಲ್ಲ, ಏನೂ ಮಾಡಲಿಲ್ಲ. ನಾನು ಇಳಿದು ಹೋಗುವಾಗ ಒಬ್ಬ ಮಾತ್ರ, "ಬಾಯಾರ, ಘೋಡಗೇರಿ ರಸ್ತೇದಾಗ ಸ್ಕೂಟಿ ಸಾವಕಾಶ ಓಡಸ್ರಿ, ಟಿಪ್ಪರ್ ಭಾಳ ಅದಾವ" ಎಂದ. ನಾನು ಎಷ್ಟೋ ದಿನ ಬಸ್ಸಿನಲ್ಲಿ ಓಡಾಡಿದೆ. ಮಹಾಂತೇಶ ಸರ್ ಮರಳಿನ ಮಾತು ಬದಲಿಸಲಿಲ್ಲ. ಭಯ ಹೊರಗಿನಿಂದ ಬರುತ್ತದೆ, ನಮ್ಮ ಒಳ್ಳೆಯತನದಿಂದ ಬರುವುದಿಲ್ಲ ಎಂದು ಆಗ ತಿಳಿದಿದ್ದೆ.

ಮಗ್ಗದ ಮನೆಯ ಕೆಲಸ ಬಂದದ್ದು ಅದಾದ ಎಷ್ಟೋ ವರ್ಷದ ಮೇಲೆ. ಆ ವಸತಿಯ ಸುತ್ತ ಕಾಲುವೆ ನೀರು, ಕಬ್ಬು. ಹಳ್ಳದ ದಂಡೆಯ ಸಣ್ಣ ಮನೆಗಳಲ್ಲಿ ಮಗ್ಗ ಹೂಡಲು ಜಾಗವಿಲ್ಲದೆ ಮಳೆಗಾಲದಲ್ಲಿ ಕಂಬಳಿ ಕೆಲಸ ನಿಲ್ಲುತ್ತಿತ್ತು. ಎಲ್ಲರಿಗೂ ಸೇರಿ ಒಂದು ಉದ್ದನೆಯ ಮನೆ ಬೇಕೆಂದು ಸಿದ್ದಪ್ಪ ಎಂಬ ಹಿರಿಯ ಕುರಿಗಾರ ಮುಂದೆ ನಿಂತ. ನಾವು ಅವನ ಮನೆಯಲ್ಲಿ ಒಂದು ದಿನ ಇದ್ದೆವು. ಮಳೆಯಲ್ಲಿ ಕುರಿಗಳೂ ಮನೆಯ ಬಗಲಲ್ಲೇ ಒತ್ತಿ ನಿಲ್ಲುವುದನ್ನು ಕಂಡು, ಮುಂದಿನ ಗೋಡೆಯ ಸೂರನ್ನು ಅಗಲವಾಗಿ ಹೊರಗೆ ಚಾಚಿದೆವು. ಹಿಂದಿನ ಗೋಡೆಯ ತುಂಬ ಇಟ್ಟಿಗೆಯ ಜಾಳಂದ್ರ. ಆ ತೂತುಗಳಿಂದ ಗಾಳಿ, ಬೆಳಕು ಮಗ್ಗದ ಮೇಲೆ ಬೀಳುತ್ತಿತ್ತು. ಮಹಾಂತೇಶ ಸರ್ ಅದರ ಒಂದೊಂದು ಇಟ್ಟಿಗೆಯನ್ನೂ ಗೌಂಡಿಗಳ ಜೊತೆ ನಿಂತು ಕೂರಿಸಿದ್ದರು. ಬಾಗಿಲು ಒಂದೇ, ಮುಂದಿನ ಗೋಡೆಯಲ್ಲಿ. ಮಣ್ಣು ಅಲ್ಲಿಯದೇ, ಪಕ್ಕದ ಹೊಂಡದ್ದು. ಇಟ್ಟಿಗೆಯ ಗಟ್ಟಿತನ ಪರೀಕ್ಷಿಸಿದೆವು, ಚೆನ್ನಾಗಿಯೇ ಇತ್ತು. ನೂರು ವರ್ಷ ಬಾಳುತ್ತದೆ ಎಂದು ವಸತಿಯವರಿಗೆ ಹೇಳಿದೆವು.

ಮುಂದಿನ ಬೇಸಿಗೆಯಲ್ಲಿ ನೋಡಲು ಹೋದಾಗ ಸಿದ್ದಪ್ಪ ಚಹಾ ಕೊಡುತ್ತ, "ಸಾಹೇಬ್ರ, ನಮಗಿಂತ ನಮ್ಮ ಕುರೀಗಿ ನಿಮ್ಮ ಗ್ವಾಡಿ ಭಾಳ ಸೇರೇತ್ರಿ. ನೆಕ್ಕಿ ನೆಕ್ಕಿ ಮುದ್ದ ಮಾಡ್ತಾವ" ಎಂದ.

"ನಮ್ಮ ಆಫೀಸಿಗೆ ಸಿಕ್ಕ ದೊಡ್ಡ ಸರ್ಟಿಫಿಕೇಟ್ ಇದು" ಎಂದು ಸರ್ ನಕ್ಕರು. ನಾವೆಲ್ಲ ನಕ್ಕೆವು. ಸಿದ್ದಪ್ಪನೂ ನಕ್ಕ. ಆಲ್ಬಮ್ಮಿನ ಆ ಚಿತ್ರ ತೆಗೆದದ್ದು ಅವತ್ತೇ.

ಅದಾದ ಮೇಲೆ ಕೆಲವು ಮಳೆಗಾಲ ಏನೂ ಆಗಲಿಲ್ಲ. ಆಮೇಲೆ ಒಂದು ವರ್ಷ ಘಟಪ್ರಭೆ ತುಂಬಿ ಹರಿಯುತ್ತಿದ್ದಾಗ ಮಳೆ ಬಿಡದೆ ಹಿಡಿಯಿತು. ಮಧ್ಯಾಹ್ನ ಸಿದ್ದಪ್ಪನ ಫೋನು ಬಂತು. "ಬಾಯಾರ, ಹಳ್ಳ ಒಳಗ ಬಂದೈತಿ. ದಂಡಿ ಮಂದೀನ್ನೆಲ್ಲ ಮಗ್ಗದ ಮನ್ಯಾಗ ಹಾಕೇವಿ. ಹೆಂಗಸರು, ಕೂಸು, ಎಲ್ಲಾ ಬೆಚ್ಚಗ ಅದಾರ. ನಿಮ್ಮ ಗ್ವಾಡಿ ಪುಣ್ಯೇ ನೋಡ್ರಿ." ನನಗೆ ಹೆಮ್ಮೆಯಾಯಿತು. ಬೇಕರಿಯಿಂದ ಬ್ರೆಡ್ಡು ಕೊಂಡು, ಆಫೀಸಿನ ಜೀಪಿನಲ್ಲಿ ನಾನು ಮತ್ತು ಪ್ರವೀಣ ಹೊರಟೆವು. ಪ್ರವೀಣ ನಿಡಸೋಸಿಯಲ್ಲಿ ಎಂಜಿನಿಯರಿಂಗ್ ಓದಿ ನಮ್ಮಲ್ಲಿ ಕೆಲಸಕ್ಕೆ ಬಂದು ಕೆಲವು ವರ್ಷವಾಗಿತ್ತು. ಕಡಿಮೆ ಮಾತಿನವನು.

ತಲುಪಿದಾಗ ಸೂರಿನ ಕೆಳಗೆ ಕುರಿಗಳು ಕಿಕ್ಕಿರಿದಿದ್ದವು. ಜೀಪಿನ ಎಂಜಿನ್ ನಿಂತ ಮೇಲೆ ಆ ಸದ್ದು ಕೇಳಿಸಿತು. ಮಳೆಯ ಸದ್ದಿನ ಒಳಗೆ ಇನ್ನೊಂದು ಸದ್ದು, ಗರಗರ, ಗರಗರ. ಸಿದ್ದಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ಎದುರು ಬಂದ. "ಬರ್ರಿ, ಬರ್ರಿ. ಬಾಗಲಾ ಒಂದ ಮುಚ್ಚವಲ್ದು ನೋಡ್ರಿ. ಮಳಿಗಿ ಕಟಗಿ ಉಬ್ಬೇತಿ" ಎಂದ.

ನಾನು ಬಾಗಿಲ ಚೌಕಟ್ಟು ನೋಡಿದೆ. ಮರ ಉಬ್ಬಿರಲಿಲ್ಲ. ಚೌಕಟ್ಟೇ ಓರೆಯಾಗಿತ್ತು. ಮೇಲಿನಿಂದ ಏನೋ ಅದನ್ನು ಒತ್ತುತ್ತಿತ್ತು.

ಒಂದು ಕುರಿಯನ್ನು ಬದಿಗೆ ಸರಿಸಿ ಬಗ್ಗಿದೆ. ಗೋಡೆಯ ಬುಡದಲ್ಲಿ ಇಟ್ಟಿಗೆಯ ಸಾಲು ಇರಬೇಕಾದ ಕಡೆ ನೆರಳು ಇತ್ತು. ಕೈ ಇಟ್ಟೆ. ಕೈ ಒಳಗೆ ಹೋಯಿತು. ಮುಂಗೈ ಹೋಯಿತು, ಮೊಣಕೈವರೆಗೂ ಹೋಯಿತು, ಕೊನೆಗೆ ಬೆರಳಿಗೆ ತಾಗಿದ್ದು ಒಳಗಿನ ಗಿಲಾವಿನ ತೆಳು ಪದರ. ಆ ಪದರದ ಆಚೆ ಯಾರೋ ಕೆಮ್ಮಿದರು. ಆ ಕೆಮ್ಮು ನನ್ನ ಬೆರಳಿಗೆ ತಿಳಿಯಿತು. ಯಾರೋ ಅಲ್ಲಿಗೇ ಬೆನ್ನು ಕೊಟ್ಟು ಕೂತಿದ್ದರು.

ನಾನು ಕೂಗಲು ಬಾಯಿ ತೆರೆದೆ. ಪ್ರವೀಣ ನನ್ನ ತೋಳು ಹಿಡಿದ. "ಒದರಬ್ಯಾಡ್ರಿ ಮೇಡಂ. ಒದರಿದ್ರ ಎಲ್ಲಾರೂ ಈ ಬಾಗಲಕ್ಕ ನುಗ್ಗತಾರ. ನುಗ್ಗಿದ್ರ ಆತು."

ಹೊರಗೆ ಬರಲು ಇದ್ದ ಒಂದೇ ಬಾಗಿಲು ಬೀಳುವ ಗೋಡೆಯಲ್ಲೇ ಇತ್ತು. ಹಾಗೆ ಬರೆದವರು ನಾವು. ಪ್ರವೀಣ ಸರ್ ಅವರಿಗೆ ಫೋನು ಹಚ್ಚಿಕೊಟ್ಟ. ಅವರು ಹುಕ್ಕೇರಿಯ ಒಂದು ಕೆಲಸದಲ್ಲಿದ್ದರು. ನಾನು ಹೇಳಿದೆ. "ಜಾಳಂದ್ರ ಒಡೀರಿ. ಹಿಂದಿನಿಂದ ತಗೀರಿ ಎಲ್ಲಾರ್ನೂ. ಲಗೂನ" ಎಂದರು.

ಸಿದ್ದಪ್ಪ ಒಪ್ಪಲಿಲ್ಲ. "ಏನ್ರಿ ಬಾಯಾರ, ನಿನ್ನಿ ಕಟ್ಟಿದಂಗ ಐತಿ ಗ್ವಾಡಿ. ಒಡೀರಿ ಅಂದ್ರ?" ನಾನು ಅವನ ಕೈ ಹಿಡಿದು ಆ ತೂತಿನೊಳಗೆ ಹಾಕಿದೆ. ಅವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವನು ಕೊಡಲಿ ತರಲು ಓಡಿದ. ಪ್ರವೀಣ ಕುರಿಗಳನ್ನು ಒಂದೊಂದಾಗಿ ಗೋಡೆಯಿಂದ ಬಿಡಿಸಿ ಬಯಲಿಗೆ ಅಟ್ಟತೊಡಗಿದ.

ಒಳಗಿನವರನ್ನು ಹಿಂದಕ್ಕೆ ಕರೆಯಲು ಯಾರಾದರೂ ಒಳಗೆ ಹೋಗಬೇಕಿತ್ತು. ಆ ಬಾಗಿಲನ್ನು ನಾನು ಇವತ್ತಿಗೂ ದಾಟುತ್ತಲೇ ಇದ್ದೇನೆ. ತಲೆಯ ಮೇಲೆ ತೊಲೆ, ತೊಲೆಯ ಮೇಲೆ ಗೋಡೆ, ಗೋಡೆಯ ಮೇಲೆ ಹೆಂಚು. ಬ್ರೆಡ್ಡಿನ ಚೀಲ ಎದೆಗೆ ಅವಚಿಕೊಂಡು ಒಳಗೆ ಕಾಲಿಟ್ಟೆ.

ಮಳೆಯ ಇರಚಲು ಜಾಳಂದ್ರದಿಂದ ಹೊಡೆಯುತ್ತಿದ್ದುದರಿಂದ ಎಲ್ಲರೂ ಮುಂದಿನ ಗೋಡೆಗೇ ಒತ್ತಿ ಕೂತಿದ್ದರು. ಬಾಣಂತಿಯೊಬ್ಬಳು ಕೂಸನ್ನು ಮಲಗಿಸಿದ್ದೂ ಆ ಗೋಡೆಯ ಬುಡಕ್ಕೇ. "ಬ್ರೆಡ್ ತಂದೇವಿ. ಹಿಂದ ಬರ್ರಿ ಎಲ್ಲಾರೂ, ಅಲ್ಲೇ ಹಂಚ್ತೇನಿ" ಎಂದೆ. ನನ್ನ ದನಿ ನನಗೇ ಯಾರದೋ ಅನ್ನಿಸಿತು.

"ಇಲ್ಲೇ ಕೊಡ್ರಿ ಬಾಯಾರ, ಅಲ್ಲಿ ತೋಯಿಸ್ಕೋತೇವಿ" ಎಂದಳು ಒಬ್ಬಳು. ಇನ್ನೊಬ್ಬಳು, "ಗೋಕಾಕದಿಂದ ಬಂದಾರ, ಕರದಂಟ ತರೂದ ಬಿಟ್ಟ ಬ್ರೆಡ್ ತಂದಾರ ನೋಡ" ಎಂದಳು. ಎಲ್ಲರೂ ನಕ್ಕರು. ಆ ನಗುವಿಗೆ ಗೋಡೆಯಿಂದ ಚೂರು ಮಣ್ಣು ಉದುರಿತು. ಮಕ್ಕಳು ಮೊದಲು ಓಡಿ ಬಂದರು. ಮಕ್ಕಳ ಹಿಂದೆ ತಾಯಂದಿರು ಎದ್ದರು. ಅಷ್ಟರಲ್ಲಿ ಜಾಳಂದ್ರದ ಆಚೆಯಿಂದ ಕೊಡಲಿಯ ಮೊದಲ ಏಟು ಬಿತ್ತು.

ಇನ್ನು ಬಚ್ಚಿಡಲು ಆಗಲಿಲ್ಲ. "ಗ್ವಾಡಿ ಬೀಳೂದೈತಿ. ಬಾಗಲಾ ಕಡೆ ಹೋಗಬ್ಯಾಡ್ರಿ. ಇಲ್ಲಿಂದ ಹೊರಗ" ಎಂದೆ. ನಗು ನಿಂತಿತು. ಒಂದು ತೂತಾಯಿತು, ಇನ್ನೊಂದು ಏಟಿಗೆ ಕಿಟಕಿಯಷ್ಟಾಯಿತು. ಕೂಸುಗಳನ್ನು ಮೊದಲು ದಾಟಿಸಿದೆವು. ಹೊರಗಿನ ಕೈಗಳು ತೆಗೆದುಕೊಳ್ಳುತ್ತಿದ್ದವು, ಒಳಗಿನ ಕೈಗಳು ಕೊಡುತ್ತಿದ್ದವು.

ಒಬ್ಬಳು ಮಾತ್ರ ಏಳಲಿಲ್ಲ. ಕೆಂಚವ್ವ, ಸಿದ್ದಪ್ಪನ ಅಕ್ಕ. ಮುಂದಿನ ಗೋಡೆಯ ಪಕ್ಕದ ಮಗ್ಗದಲ್ಲಿ ಕೂತೇ ಇದ್ದಳು. ಮಗ್ಗಕ್ಕೆ ಹೂಡಿದ ಹಾಸಿನ ನೂಲಿನ ಮೇಲೆ ಮಣ್ಣಿನ ಪುಡಿ ಬಿದ್ದಿತ್ತು, ಅದನ್ನು ಅಂಗೈಯಿಂದ ಸವರುತ್ತಿದ್ದಳು.

"ಏಳ್ರಿ ಅಜ್ಜಿ."

"ಅರ್ಧಾ ಕಂಬಳಿ ಬಿಟ್ಟ ಎಲ್ಲಿಗಿ ಏಳ್ಲಿ? ನಿನ್ನಿಯಿಂದ ಹಿಟ್ಟ ಉದರಿದಂಗ ಉದರಾಕತ್ತೇತಿ. ಬಿದ್ದೈತೇನು?"

"ಈಗ ಬೀಳತೈತಿ."

"ನೂರ ವರ್ಷ ಬಾಳತೈತಿ ಅಂದೋರೂ ನೀವ. ಈಗ ಓಡ್ರಿ ಅನ್ನೋರೂ ನೀವ. ಯಾವ್ದ ಮಾತ ನಂಬೂಣು?"

ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ಆಕೆ ನನ್ನ ಬಾಯಿ ನೋಡಿದಳು, ಆಮೇಲೆ ಮೇಲೆ ನೋಡಿದಳು. ಬಾಗಿಲ ತೊಲೆಯಿಂದ ಸೂರಿನವರೆಗೆ ಒಂದು ಗೆರೆ ನಮ್ಮ ಕಣ್ಣೆದುರೇ ಮೂಡಿತು. ಕೆಂಚವ್ವ ಎದ್ದಳು. ಮಂಡಿ ಹಿಡಿದುಕೊಂಡಿತ್ತು, ಓಡಲಾರಳು. ನಾನು ರಟ್ಟೆ ಹಿಡಿದು ಎಳೆದೆ. ತೂತಿನ ಆಚೆಯಿಂದ ಸಿದ್ದಪ್ಪ ಅಕ್ಕನನ್ನು ಹಿಡಿದುಕೊಂಡ. ನಾನು ದಾಟುವಾಗ ಕಾಲು ಇಟ್ಟಿಗೆಗೆ ಸಿಕ್ಕಿ ಮುಖ ಅಡಿಯಾಗಿ ಕೆಸರಿಗೆ ಬಿದ್ದೆ.

ಗೋಡೆ ಬಿದ್ದಾಗ ಸಿಡಿಲಿನಂಥ ಸದ್ದಾಗುತ್ತದೆ ಎಂದುಕೊಂಡಿದ್ದೆ. ಹಾಗೆ ಆಗಲಿಲ್ಲ. ಯಾರೋ ತೂಕದ ಮನುಷ್ಯ ಕೂತಂತೆ ಮೆತ್ತಗೆ 'ಧಸಕ್' ಅಂದಿತು. ಆಮೇಲೆ ಹೆಂಚುಗಳು ಬಹಳ ಹೊತ್ತು ಒಡೆಯುತ್ತಲೇ ಇದ್ದವು. ಧೂಳು ಏಳಲೂ ಮಳೆ ಬಿಡಲಿಲ್ಲ.

"ಲಕ್ಕವ್ವಾ! ನಮ್ಮ ಲಕ್ಕವ್ವ ಎಲ್ಲಿ?" ಎಂದು ಒಬ್ಬ ತಾಯಿ ಚೀರಿದಳು. ಆ ಚೀರಾಟದಿಂದ ಆ ಮಗು ಸಿಗುವವರೆಗೆ ಕಳೆದ ಹೊತ್ತು ನನ್ನ ಬದುಕಿನಲ್ಲಿ ಇನ್ನೂ ಪೂರ್ತಿ ಮುಗಿದಿಲ್ಲ. ಲಕ್ಕವ್ವ ಕೆಂಚವ್ವ ಹೊದ್ದಿದ್ದ ಕಂಬಳಿಯೊಳಗೆ, ಬ್ರೆಡ್ಡಿನ ಚೂರು ಕಚ್ಚಿಕೊಂಡು ನಿಂತಿದ್ದಳು. ಜನರೆಲ್ಲ ಉಳಿದರು. ಸಿದ್ದಪ್ಪನ ಹಿರಿಯ ಟಗರು ಮಾತ್ರ ಎಷ್ಟು ಅಟ್ಟಿದರೂ ಗೋಡೆಗೇ ಮರಳಿತ್ತು. ಅದು ಮಣ್ಣಿನ ಕೆಳಗೆ ಹೋಯಿತು.

ಕಾರಣ ಆಮೇಲೆ ಗೊತ್ತಾಯಿತು. ಆ ಹೊಂಡದ ಮಣ್ಣು ಸವಳು. ವರ್ಷಗಟ್ಟಲೆ ಕಾಲುವೆಯ ನೀರು ನಿಂತು ನಿಂತು ಭೂಮಿಯ ಉಪ್ಪು ಮೇಲೆ ಬಂದಿತ್ತು. ಗೋಡೆ ನೆಲದ ಹಸಿ ಹೀರಿದಂತೆಲ್ಲ ಉಪ್ಪು ಬುಡದಲ್ಲಿ ಹೂವಾಗಿ ಅರಳಿ ಇಟ್ಟಿಗೆಯನ್ನು ಹಿಟ್ಟು ಮಾಡಿತು. ಕುರಿಗಳು ಆ ಹಿಟ್ಟು ನೆಕ್ಕಿದವು. ಕುರಿಗೆ ನೆರಳಾಗಲೆಂದು ಸೂರು ಚಾಚಿದವರು ನಾವು, ಗಾಳಿಗೆಂದು ಹಿಂದೆ ಬಾಗಿಲಿಡದೆ ಜಾಳಂದ್ರ ಮಾಡಿದವರು ನಾವು, ಲಾರಿ ಬೇಡವೆಂದು ಅಲ್ಲಿಯದೇ ಮಣ್ಣು ಬಗೆದವರು ನಾವು. ಒಂದೂ ಕೆಟ್ಟ ಉದ್ದೇಶವಲ್ಲ. ಸುಮ್ಮನೆ ಸಿಮೆಂಟು ಸುರಿಯುವವರು ಈ ತಪ್ಪು ಮಾಡುತ್ತಿರಲಿಲ್ಲ. ಆ ಮಾತು ನನ್ನನ್ನು ಇವತ್ತಿಗೂ ಹೆದರಿಸುತ್ತದೆ.

ಆಫೀಸಿನಲ್ಲಿ ಮೊದಲು ಬಾಯಿ ಬಿಟ್ಟವನು ಪ್ರವೀಣ. "ಸರ್, ಇನ್ನ ಮ್ಯಾಲ ಕಾಂಕ್ರೀಟ್ ಮಾಡೋಣ್ರಿ. ಆದರ್ಶಕ್ಕ ಮಂದಿ ಜೀವ ಕೊಡಾಕ ಬರೂದಿಲ್ಲ." ವಸತಿಗೆ ಹೋದಾಗಲೂ ಸಿದ್ದಪ್ಪ ಅದನ್ನೇ ಕೇಳಿದ: "ಸಿಮೆಂಟಿಂದ ಕಟ್ಟಿಕೊಡ್ರಿ." ಇಲ್ಲಿ ನಮ್ಮ ಎರಡು ನಂಬಿಕೆಗಳು ಒಂದಕ್ಕೊಂದು ಎದುರಾದವು. ಇರುವವರ ಮಾತು ಕೇಳಬೇಕು ಎನ್ನುವುದೂ ನಮ್ಮದೇ, ಮಣ್ಣು ಬಿಡಬಾರದು ಎನ್ನುವುದೂ ನಮ್ಮದೇ.

ಮಹಾಂತೇಶ ಸರ್ ಚರ್ಚೆ ಮಾಡಲಿಲ್ಲ. "ನೀವು ಹೇಳಿದಂಗ ಕಟ್ಟತೇವಿ. ಮೊದ್ಲ ಒಂದ ಮಳಿಗಾಲ ಟೈಮ್ ಕೊಡ್ರಿ. ಮೂರು ತುಂಡ ಗ್ವಾಡಿ ಕಟ್ಟಿ ಬಯಲಾಗ ಬಿಡ್ತೇನಿ, ಒಂದು ಸಿಮೆಂಟಿಂದು, ಎರಡು ಮಣ್ಣಿಂದು. ನಿಮ್ಮ ಕುರಿ ಅಲ್ಲೇ ಕಟ್ರಿ. ಆಮ್ಯಾಲ ನೀವ ಹೇಳ್ರಿ" ಎಂದರು. ಮಣ್ಣಿನ ಗೋಡೆಗಳಿಗೆ ಸೊಂಟದೆತ್ತರ ಗೋಕಾಕದ ಕಲ್ಲು ಕಟ್ಟಿ, ಮೇಲೆ ದಿಬ್ಬದ ಉಪ್ಪಿಲ್ಲದ ಕೆಂಪು ಮಣ್ಣಿನ ಇಟ್ಟಿಗೆ ಇಟ್ಟೆವು. ಇಡೀ ಮಳೆಗಾಲ ನಾವು ಸರದಿಯ ಮೇಲೆ ಹೋಗಿ ಆ ತುಂಡುಗಳ ಬುಡ ಕೆದರಿ ನೋಡಿದೆವು. ಅಲ್ಲಿಂದಲೇ ನಮ್ಮ ಆಫೀಸಿನ ಎರಡು ಹೊಸ ರೂಢಿ ಶುರುವಾದವು. ಮಣ್ಣಿನ ಉಪ್ಪು ಪರೀಕ್ಷೆಯಾಗದೆ ಗೆರೆ ಎಳೆಯುವಂತಿಲ್ಲ. ಮುಗಿದ ಕಟ್ಟಡಕ್ಕೆ ಪ್ರತಿ ಮಳೆಯಲ್ಲೂ ಹೋಗಲೇಬೇಕು, ಚಹಾ ಕುಡಿಯುವ ಮೊದಲು ಬಗ್ಗಿ ಬುಡ ಮುಟ್ಟಬೇಕು.

ಮಳೆಗಾಲ ಮುಗಿದಾಗಲೂ ಮಣ್ಣಿನ ತುಂಡುಗಳ ಬುಡ ಗಟ್ಟಿಯಾಗಿಯೇ ಇತ್ತು. ಸಿದ್ದಪ್ಪ ಮಣ್ಣಿನ ಗೋಡೆಗೇ ಒಪ್ಪಿದ. ಸಿಮೆಂಟಿನ ಮನೆ ಬೇಸಿಗೆಯಲ್ಲಿ ಒಳಗೆ ಕುದಿಸುತ್ತದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಬೇಕಿದ್ದದ್ದು ನಂಬಿಕೆ. ಕೆಂಚವ್ವ ಮಾತ್ರ ಒಂದು ಷರತ್ತು ಹಾಕಿದಳು: "ಕಟ್ರಿ. ಆದ್ರ ಮೊದ್ಲನೇ ದೊಡ್ಡ ಮಳಿಗಿ ಒಳಗ ನೀವ ಕುಂದರಬೇಕು. ನಾವು ಹೊರಗ ನಿಂತ ನೋಡ್ತೇವಿ."

ಹಾಗೆಯೇ ಆಯಿತು. ಹೊಸ ಮಗ್ಗದ ಮನೆಗೆ ಎದುರು ಬದುರು ಎರಡು ಬಾಗಿಲು. ಮೊದಲ ದೊಡ್ಡ ಮಳೆ ಬಂದ ದಿನ ಆಫೀಸಿಗೆ ಬೀಗ ಹಾಕಿ ಎಲ್ಲರೂ ಹೋಗಿ ಒಳಗೆ ಕೂತೆವು. ಸರ್ ಗೋಡೆಯ ಉದ್ದಕ್ಕೂ ನಡೆಯುತ್ತ ಕಲ್ಲಿನ ಸಂದುಗಳನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಪ್ರವೀಣ ಸೂರಿನಿಂದ ಕಣ್ಣು ಕೀಳಲಿಲ್ಲ. ಗಾಳಿಗೆ ಒಂದು ಹೆಂಚು ಅಲುಗಿದರೆ ನಾವೆಲ್ಲರೂ ಒಟ್ಟಿಗೆ ಏಳುತ್ತಿದ್ದೆವು, ಮತ್ತೆ ಕೂರುತ್ತಿದ್ದೆವು. ಲೆಕ್ಕ ಸರಿಯಿದೆ, ಮಣ್ಣು ಸರಿಯಿದೆ ಎಂದು ತಲೆ ಹೇಳುತ್ತಿತ್ತು. ಮೈ ಕೇಳುತ್ತಿರಲಿಲ್ಲ.

ಹೊರಗೆ ಕಂಬಳಿ ಕೊಪ್ಪೆಯಲ್ಲಿ ನಿಂತ ಮಂದಿಯ ಮುಂದೆ ಕೆಂಚವ್ವ. ಮಳೆ ಅವಳ ಮೂಗಿನಿಂದ ತೊಟ್ಟಿಕ್ಕುತ್ತಿತ್ತು.

"ಏನ್ ಬಾಯಾರ," ಎಂದು ಕೂಗಿದಳು, "ಒಳಗ ಹೆಂಗೈತಿ?"

ನಾನೊಂದು ಒಳ್ಳೆಯ ಮಾತು ಹೇಳಲಿ ಎಂದು ಸರ್ ನನ್ನ ಕಡೆ ನೋಡಿದರು. ನನ್ನಿಂದ ಆಗಲಿಲ್ಲ.

"ಅಂಜಿಕಿ ಬರಾಕತ್ತೇತ್ರಿ ಅಜ್ಜಿ. ಭಾಳ ಅಂಜಿಕಿ."

ಅವಳು ಮೂಗಿನ ಮಳೆನೀರು ಒರೆಸಿಕೊಂಡಳು. "ಈ ಸಲ ಖರೆ ಹೇಳಿದ್ರಿ" ಎಂದು ಸುತ್ತು ಹಾಕಿ ನಾನು ಕೂತಿದ್ದ ಹಿಂದಿನ ಬಾಗಿಲಿಗೆ ಬಂದಳು. "ಸರೀರಿ ಆ ಕಡೆ, ಒಬ್ಬಾಕೀನ ಎಷ್ಟ ಜಾಗಾ ಹಿಡೀತೀರಿ." ಹೊಸ್ತಿಲ ಮೇಲೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಕೂತಳು. ನಾನು ಅವಳ ಬಗಲಲ್ಲಿ ಹಾಗೆಯೇ ಕೂತೆ, ನನ್ನ ಒಂದು ಕಾಲನ್ನೂ ಮಳೆಗೆ ಚಾಚಿ.